1914ರಲ್ಲಿ ಬ್ರಿಟನ್ ಯುದ್ಧಕ್ಕೆ ಹೋಗದೇ ಇದ್ದಿದ್ದರೆ?

ದೆಹಲಿಯಲ್ಲಿರುವ ನಮಗೆ ತೀನ್ ಮೂರ್ತಿ ವೃತ್ತ ಹೊಸದಲ್ಲ. ಊರಿನಿಂದ ನೆಂಟರು ಬಂದಾಗ ಕಾರಿನ ಕಿಟಕಿಯಿಂದಲೇ ಬೆರಳು ಮಾಡಿ, "ಆ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು" ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಅಶ್ವದಳಗಳ ನೆನಪಿಗೆ ನಿಲ್ಲಿಸಿದ ಮೂರ್ತಿಗಳವು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಗೆದ್ದುಕೊಂಡರು. 2018ರಲ್ಲಿ ಈ ವೃತ್ತದ ಹೆಸರಿಗೆ ಹೈಫಾ ಕೂಡ ಸೇರಿತು.

ಹೋದ ವರ್ಷ ಹೀಗೆ ತೋರಿಸುತ್ತಿದ್ದಾಗ ನನ್ನ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮಾ, ನಮ್ಮವರಿಗೂ ತುರ್ಕರಿಗೂ ಏನು ಜಗಳವಿತ್ತು?" ತಕ್ಷಣ ಉತ್ತರ ಹೊಳೆಯಲಿಲ್ಲ. ಜಗಳ ನಮ್ಮದಾಗಿರಲೇ ಇಲ್ಲ. ಬ್ರಿಟನ್ ಇಳಿಯಿತು, ಅದರ ಹಿಂದೆ ನಮ್ಮನ್ನೂ ಇಳಿಸಲಾಯಿತು. ಹಾಗಾದರೆ ಬ್ರಿಟನ್ ಅಂದು ತಟಸ್ಥವಾಗಿ ಉಳಿದಿದ್ದರೆ?

ಇದು ಬರೀ ಕಲ್ಪನೆಯ ಆಟವಲ್ಲ. 1914ರ ಆಗಸ್ಟ್ 1ರವರೆಗೂ ಪ್ರಧಾನಿ ಆಸ್ಕ್ವಿತ್ ಅವರ ಸಂಪುಟದಲ್ಲಿ ಯುದ್ಧ ಬೇಡ ಎನ್ನುವವರೇ ಹೆಚ್ಚಿದ್ದರು. ಜರ್ಮನಿ ಬೆಲ್ಜಿಯಂ ಮೇಲೆ ಕಾಲಿಟ್ಟಿದ್ದರಿಂದ ಮಾತು ತಿರುಗಿತು. ಬೆಲ್ಜಿಯಂನ ತಟಸ್ಥತೆಯನ್ನು ಕಾಯುವ 1839ರ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತ್ತು. ಆಗಸ್ಟ್ 4ರ ರಾತ್ರಿ ಯುದ್ಧ ಘೋಷಣೆಯಾಯಿತು. ಅದನ್ನು ಒಪ್ಪದೆ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು ಜಾನ್ ಮಾರ್ಲೆ. ನಮ್ಮ ಪಠ್ಯಪುಸ್ತಕಗಳ 1909ರ ಮಾರ್ಲೆ-ಮಿಂಟೋ ಸುಧಾರಣೆಯ ಮಾರ್ಲೆ ಇವರೇ. ಜರ್ಮನಿ ಬೆಲ್ಜಿಯಂ ದಾರಿ ಹಿಡಿಯದಿದ್ದರೆ ಮಾರ್ಲೆಯವರ ಮಾತೇ ನಡೆಯುತ್ತಿತ್ತೋ ಏನೋ.

ಭಾರತದಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 13 ಲಕ್ಷ ಭಾರತೀಯರು ಸೈನಿಕರಾಗಿ, ಕೂಲಿಗಳಾಗಿ ದುಡಿದಿದ್ದರು. 70 ಸಾವಿರಕ್ಕೂ ಹೆಚ್ಚು ಜನ ಮರಳಲಿಲ್ಲ. ಭಾರತ ಸರ್ಕಾರ ಬ್ರಿಟನ್ನಿಗೆ 10 ಕೋಟಿ ಪೌಂಡ್ 'ಕಾಣಿಕೆ' ಕೊಟ್ಟಿತು. ಮೈಸೂರು ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟರು. ಬ್ರಿಟನ್ ತಟಸ್ಥವಾಗಿದ್ದರೆ ಫ್ರಾನ್ಸಿನ ಕೆಸರಿನಲ್ಲಿ, ಮೆಸಪೊಟೇಮಿಯಾದ ಬಿಸಿಲಿನಲ್ಲಿ ನಮ್ಮ ಮಕ್ಕಳು ಸಾಯುತ್ತಿರಲಿಲ್ಲ. ಧಾನ್ಯ, ಬಟ್ಟೆ, ಸೀಮೆಎಣ್ಣೆಯ ಬೆಲೆ ಆ ಪರಿ ಏರುತ್ತಿರಲಿಲ್ಲ. ಯುದ್ಧಕಾಲದ ಬಿಗಿ ಕಾನೂನುಗಳನ್ನು ಶಾಂತಿಕಾಲಕ್ಕೂ ಎಳೆದು ತಂದ ರೌಲಟ್ ಕಾಯಿದೆ ಹುಟ್ಟುತ್ತಿರಲಿಲ್ಲ. ಅದಿಲ್ಲದಿದ್ದರೆ 1919ರ ಏಪ್ರಿಲ್ 13 ಅಮೃತಸರದಲ್ಲಿ ಬರೀ ಬೈಸಾಖಿಯ ದಿನವಾಗಿ ಕಳೆಯುತ್ತಿತ್ತು.

ಇನ್ನು 1918ರ ಇನ್‌ಫ್ಲುಯೆಂಜಾ. ಅದು ಮುಂಬಯಿ ಬಂದರಿಗೆ ಬಂದಿಳಿದು, ರೈಲು ಹತ್ತಿ ದೇಶವನ್ನೆಲ್ಲ ಸುತ್ತಿತು. ಒಂದು ಕೋಟಿಗೂ ಹೆಚ್ಚು ಜನ ಸತ್ತರು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರ ಪ್ರಮಾಣ ಹೆಚ್ಚು. ಮನೆಯವರಿಗೆಲ್ಲ ಉಣಿಸಿ ಉಳಿದದ್ದನ್ನು ಉಂಡವರು, ಕಾಯಿಲೆಯವರ ಪಕ್ಕದಲ್ಲಿ ಕೂತವರು ಯಾರೆಂದು ನಮಗೆ ಹೇಳಬೇಕಾಗಿಲ್ಲ. ಯುದ್ಧವಿಲ್ಲದಿದ್ದರೂ ಕಾಯಿಲೆ ಬರುತ್ತಿತ್ತೇನೋ. ಆದರೆ ಸೈನಿಕರಿಂದ ಕಿಕ್ಕಿರಿದ ಹಡಗುಗಳು ಇಲ್ಲದೆ ಅಷ್ಟು ಬೇಗ, ಅಷ್ಟು ದೂರ ಹರಡುತ್ತಿತ್ತೇ?

ಇಷ್ಟು ಓದಿದರೆ ತಟಸ್ಥತೆಯೇ ಒಳ್ಳೆಯದಿತ್ತು ಎನಿಸುತ್ತದೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು.

ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಬ್ರಿಟನ್ನಿಗೆ ಭಾರತದ ಸಹಕಾರ ಬೇಕಿತ್ತು. ಅದಕ್ಕೇ 1917ರ ಆಗಸ್ಟ್ 20ರಂದು ಭಾರತ ಮಂತ್ರಿ ಮಾಂಟೆಗೂ ಹಂತ ಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಭರವಸೆಯಿತ್ತರು. ಚಳಿಗಾಲದಲ್ಲಿ ತಾವೇ ಇಲ್ಲಿಗೆ ಬಂದರು. ಡಿಸೆಂಬರ್ 18ರಂದು ಮದರಾಸಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳ್ತನದಲ್ಲಿ ಮಹಿಳೆಯರ ನಿಯೋಗವೊಂದು ಅವರನ್ನು ಕಂಡು, ಗಂಡಸರಿಗೆ ಕೊಡುವ ಮತದಾನದ ಹಕ್ಕನ್ನೇ ನಮಗೂ ಕೊಡಿ ಎಂದಿತು. 1919ರ ಕಾಯಿದೆ ಆ ಹಕ್ಕನ್ನು ಕೊಡಲಿಲ್ಲ. ತೀರ್ಮಾನವನ್ನು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದರಾಸು, ಮುಂಬಯಿ ಎರಡೂ ಒಪ್ಪಿದವು. ಆಗ ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದವು; ಮಂಗಳೂರು, ಬಳ್ಳಾರಿ ಮದರಾಸಿನಲ್ಲಿ. ಹೀಗೆ ಆಸ್ತಿಯಿದ್ದ ಕೆಲವೇ ಕನ್ನಡ ಹೆಂಗಸರಿಗಾದರೂ ಮತ ಸಿಕ್ಕಿತು.

ಬ್ರಿಟನ್ ತಟಸ್ಥವಾಗಿದ್ದರೆ? ಸೊಕ್ಕು ಮುರಿಯದ, ಸಾಲವಿಲ್ಲದ ಸಾಮ್ರಾಜ್ಯಕ್ಕೆ ಭರವಸೆ ಕೊಡುವ ಅವಸರ ಇರುತ್ತಿರಲಿಲ್ಲ. ಯುದ್ಧ ಬೇಡವೆಂದ ಅದೇ ಮಾರ್ಲೆ, ತಮ್ಮ ಸುಧಾರಣೆ ಭಾರತಕ್ಕೆ ಸಂಸದೀಯ ಆಡಳಿತ ತರಲು ಅಲ್ಲ ಎಂದು ಮೊದಲೇ ಹೇಳಿದ್ದರು. ಅವರ ಅರೆಬರೆ ಸುಧಾರಣೆಯಲ್ಲೇ ನಾವು ಇನ್ನೂ ಎಷ್ಟು ವರ್ಷ ಕಳೆಯಬೇಕಿತ್ತೋ. ಗಾಂಧೀಜಿ ಹೇಗೂ ಬರುತ್ತಿದ್ದರು. ಆದರೆ ಇಡೀ ದೇಶವನ್ನು ಒಂದೇ ಸಲಕ್ಕೆ ಎಬ್ಬಿಸಿದ ರೌಲಟ್, ಖಿಲಾಫತ್ ಚಳವಳಿಗಳು ಇರುತ್ತಿರಲಿಲ್ಲ.

ಹಾಗೆಂದು ಯುದ್ಧಕ್ಕೆ ಕೃತಜ್ಞತೆ ಹೇಳಲು ನನಗೆ ಮನಸ್ಸು ಬಾರದು. ಹಕ್ಕು ಕೊಟ್ಟದ್ದು ಯುದ್ಧವಲ್ಲ. ಬ್ರಿಟನ್ ಬಾಗಿದ ಆ ಗಳಿಗೆಯಲ್ಲಿ ಅರ್ಜಿ ಹಿಡಿದು ಮುಂದೆ ನಿಂತ ಹೆಂಗಸರು ಅದನ್ನು ಪಡೆದರು. ಬಾಗಿಲು ಬೇರೆ ದಿನ ತೆರೆದಿದ್ದರೂ ಅವರು ಅಲ್ಲಿ ಇರುತ್ತಿದ್ದರು.

ಮುಂದಿನ ರಜೆಗೆ ಅಕ್ಕನ ಮಗಳು ಮತ್ತೆ ಬರುತ್ತಾಳೆ. ಈ ಸಲ ಕಾರು ನಿಲ್ಲಿಸಿ, ಇಳಿದು ತೋರಿಸಬೇಕೆಂದಿದ್ದೇನೆ. "ಜಗಳ ನಮ್ಮದಲ್ಲ ಪುಟ್ಟಿ, ಸತ್ತವರು ಮಾತ್ರ ನಮ್ಮವರು" ಎಂದು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳುತ್ತೇನೆ.