ಕಾಕ್ಸ್ ಬಜಾರ್: ನಿರಾಶ್ರಿತರ ನೆಲೆಯಲ್ಲಿ ಉರುವಲು, ನೀರು, ಬೇಸಾಯ
ಕಾಕ್ಸ್ ಬಜಾರ್ ಬಾಂಗ್ಲಾದೇಶದ ಆಗ್ನೇಯ ತುದಿಯ ಜಿಲ್ಲೆ. 2017ರ ಆಗಸ್ಟ್‌ನಿಂದ ಮ್ಯಾನ್ಮಾರ್‌ ಬಿಟ್ಟು ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾರು ಇಲ್ಲಿನ ಉಖಿಯಾ, ಟೆಕ್ನಾಫ್ ಗುಡ್ಡಗಳಲ್ಲಿ ನೆಲೆ ನಿಂತರು. ಒಲೆಗೆ ಮೊದಲು ಮರ ಹೋಯಿತು, ಬಳಿಕ ಬುಡ ಅಗೆದು ಬೇರನ್ನೂ ಕಿತ್ತರು. ಹಿಡಿತ ತಪ್ಪಿದ ಮಣ್ಣು ಮಳೆಗಾಲದಲ್ಲಿ ಜರಿದು, ಕೆಳಗಿನ ಸ್ಥಳೀಯರ ಗದ್ದೆ, ತೋಡುಗಳಲ್ಲಿ ಹೂಳಾಯಿತು. ಹಾಗಾಗಿ ಉರುವಲು, ನೀರು, ಬೇಸಾಯಗಳನ್ನು ಬೇರೆ ಬೇರೆ ಇಲಾಖೆಗಳ ವಿಷಯವೆಂದು ನೋಡುವುದು ತಪ್ಪು. 2018ರಿಂದ ಶಿಬಿರದವರಿಗೂ ಊರವರಲ್ಲಿ ಹಲವರಿಗೂ ಅಡುಗೆ ಅನಿಲ ಸಿಕ್ಕಿದ್ದರಿಂದಲೇ ಮಣ್ಣು ಹಿಡಿಯಲೆಂದು ಗುಡ್ಡದಲ್ಲಿ ನೆಟ್ಟ ಹುಲ್ಲು, ಸಸಿಗಳಿಗೆ ಉಳಿಗಾಲ ಬಂತು. ಅನಿಲ ದುಬಾರಿ, ದಾನಿಗಳ ಹಣ ಬತ್ತಿದರೆ ಗತಿಯೇನು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸಿಲಿಂಡರ್ ನಿಂತರೆ ಕೊಡಲಿ ಮತ್ತೆ ಕಾಡಿಗೆ ಹೋಗುತ್ತದೆ, ಆ ಖರ್ಚು ಗದ್ದೆಯ ರೈತನ ತಲೆಗೆ ಬೀಳುತ್ತದೆ. ಅಂತರ್ಜಲವೇ ಅಪರೂಪವಾದ ಟೆಕ್ನಾಫ್‌ನಲ್ಲಂತೂ ಮಳೆನೀರು ಕಟ್ಟಿದ ಕೆರೆಗಳಿಗೆ ಹೂಳು ತುಂಬಿದರೆ ಬೇಸಿಗೆಯಲ್ಲಿ ಟ್ಯಾಂಕರೇ ಗತಿ.