ಎಲೆಗಳ ಮೇಲೆ ಕೀಟಗಳು ಮೊಟ್ಟೆ ಇಡುವ ಬಗೆ ಮತ್ತು ಎಲೆ ತಿನ್ನುವ ಹಂತ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ರೈತರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಮುಂಗಾರಿನ ತೊಗರಿ ಮತ್ತು ಹಿಂಗಾರಿನ ಜೋಳ, ಕಡಲೆ ಪ್ರಮುಖ ಬೆಳೆಗಳಾಗಿವೆ. ಇವುಗಳ ಜೊತೆಗೆ ಹತ್ತಿ, ಸೋಯಾ ಅವರೆ, ಸೂರ್ಯಕಾಂತಿ ಹಾಗೂ ಕಬ್ಬನ್ನೂ ಬೆಳೆಯಲಾಗುತ್ತದೆ. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಸದರಿ ಬೆಳೆಗಳಿಗೆ ಬರುವ ಬಹುತೇಕ ಕೀಟಬಾಧೆಯು ಎಲೆಯ ಅಥವಾ ಮೊಗ್ಗಿನ ಮೇಲೆ ಇಟ್ಟ ಒಂದು ಮೊಟ್ಟೆಯಿಂದ ಆರಂಭವಾಗುತ್ತದೆ. ಮೊಟ್ಟೆಯೊಡೆದು ಹೊರಬಂದ ಮರಿಹುಳು ಕೆಲವು ದಿನ ಎಲೆಯ ಮೇಲ್ಭಾಗದಲ್ಲಿಯೇ ಇದ್ದು, ನಂತರ ಕಾಯಿ, ಸುಳಿ ಅಥವಾ ಕಾಂಡದೊಳಗೆ ಸೇರುತ್ತದೆ. ಒಳಸೇರಿದ ಹುಳುವಿಗೆ ಸಿಂಪರಣೆಯ ಔಷಧ ಸುಲಭವಾಗಿ ತಲುಪುವುದಿಲ್ಲ. ಆದ್ದರಿಂದ ಹತೋಟಿಗೆ ದೊರೆಯುವ ಕಾಲಾವಕಾಶವು ಕೆಲವೇ ದಿನಗಳದ್ದಾಗಿರುತ್ತದೆ. ಈ ಅವಧಿಯನ್ನು ಗುರುತಿಸಲು ಹಾಗೂ ಇಲಾಖೆಯ ಸೇವೆಗಳನ್ನು ಸಕಾಲದಲ್ಲಿ ಪಡೆಯಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಹಿನ್ನೆಲೆ

1997-98ರ ಹಂಗಾಮಿನಲ್ಲಿ ಅಕಾಲಿಕ ಮಳೆ ಹಾಗೂ ಕಾಯಿಕೊರಕ ಕೀಡೆಯ ಹಾವಳಿಯಿಂದ ಕಲಬುರಗಿ ಮತ್ತು ಬೀದರ್ ಭಾಗದ ತೊಗರಿ ಬೆಳೆಯು ಅಪಾರ ನಷ್ಟಕ್ಕೆ ಒಳಗಾಯಿತು. ಔಷಧಕ್ಕಾಗಿ ಮಾಡಿದ ಸಾಲವೂ ಬೆಳೆಯೊಡನೆ ಕೈತಪ್ಪಿ ಅನೇಕ ರೈತ ಕುಟುಂಬಗಳು ಸಂಕಷ್ಟಕ್ಕೀಡಾದವು. ಪದೇ ಪದೇ ಒಂದೇ ಬಗೆಯ ಕೀಟನಾಶಕವನ್ನು ಬಳಸಿದಲ್ಲಿ ಈ ಕೀಡೆಯು ಅದಕ್ಕೆ ನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಬಲಿತ ಕೀಡೆಗಳ ಮೇಲೆ ಎಷ್ಟೇ ಸಿಂಪರಣೆ ಮಾಡಿದರೂ ಫಲ ಕಾಣದಿರಲು ಇದೂ ಒಂದು ಕಾರಣ.

ಅದೇ ಸಮಯದಲ್ಲಿ ಈ ಭಾಗದ ರೈತರು ತೊಗರಿ ಗಿಡಗಳನ್ನು ಅಲುಗಾಡಿಸಿ, ಸಾಲುಗಳ ನಡುವೆ ಹಾಸಿದ ತಾಡಪತ್ರಿ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿದ್ದ ಕೀಡೆಗಳನ್ನು ಆಯ್ದು ನಾಶಪಡಿಸುವ ಪದ್ಧತಿಯನ್ನು ವ್ಯಾಪಕವಾಗಿ ಅನುಸರಿಸಿದರು. ಬಲಿತ ಕೀಡೆಗಳ ಹತೋಟಿಗೆ ಖರ್ಚು ಕಡಿಮೆಯಿರುವ ಈ ಕ್ರಮವು ಇಂದಿಗೂ ಉಪಯುಕ್ತವಾಗಿದೆ.

3. ತೊಗರಿ

3.1 ಕಾಯಿಕೊರಕ ಕೀಡೆ (ಹೆಲಿಕೋವರ್ಪಾ)

ಮೊಟ್ಟೆ: ಹೆಣ್ಣು ಪತಂಗವು ಕತ್ತಲಾದ ನಂತರ ಹಾರಾಡಿ ಮೊಟ್ಟೆ ಇಡುತ್ತದೆ. ಬೆಳೆ ಮೊಗ್ಗು ಹಿಡಿದು ಹೂವಾಡುವ ಹಂತಕ್ಕೆ ಬಂದಾಗ ಪತಂಗಗಳು ಹೆಚ್ಚಾಗಿ ಆಕರ್ಷಿತವಾಗುತ್ತವೆ. ಮೊಟ್ಟೆಗಳನ್ನು ಗುಂಪಾಗಿ ಇಡದೆ ಕುಡಿ ಎಲೆ, ಮೊಗ್ಗು, ಹೂ ಮತ್ತು ಎಳೆಗಾಯಿಗಳ ಮೇಲೆ ಒಂದೊಂದಾಗಿ ಇಡುತ್ತದೆ. ಒಂದು ಪತಂಗವು ತನ್ನ ಜೀವಿತಾವಧಿಯಲ್ಲಿ ನೂರಾರು ಮೊಟ್ಟೆಗಳನ್ನು ಇಡಬಲ್ಲದು. ಮೊಟ್ಟೆಯು ದುಂಡಗಿದ್ದು, ಅರ್ಧ ಮಿಲಿಮೀಟರ್‌ನಷ್ಟು ಗಾತ್ರ ಹೊಂದಿ, ಹಳದಿ ಮಿಶ್ರಿತ ಬಿಳಿ ಬಣ್ಣದಲ್ಲಿ ಗಸಗಸೆ ಕಾಳಿನಂತೆ ಕಾಣುತ್ತದೆ. ಒಡೆಯುವ ಮುನ್ನ ಕಂದು ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ 3-4 ದಿನಗಳಲ್ಲಿ ಮರಿ ಹೊರಬರುತ್ತದೆ.

ತಿನ್ನುವ ಬಗೆ: ಎಳೆಯ ಮರಿಯು ಮೊದಲು ಕುಡಿ ಎಲೆಯ ಹಸಿರು ಭಾಗವನ್ನು ಕೆರೆದು ತಿನ್ನುತ್ತದೆ, ಅನಂತರ ಮೊಗ್ಗು ಹಾಗೂ ಹೂಗಳಿಗೆ ಹೋಗುತ್ತದೆ. ಬೆಳೆದಂತೆ ಕಾಯಿಗೆ ದುಂಡನೆಯ ರಂಧ್ರ ಕೊರೆದು, ತಲೆಯನ್ನು ಒಳಗಿಟ್ಟು ಉಳಿದ ದೇಹವನ್ನು ಹೊರಗೆ ಬಿಟ್ಟು ಕಾಳನ್ನು ತಿನ್ನುತ್ತದೆ. ಪೂರ್ಣ ಬೆಳೆದ ಕೀಡೆಯು 35-40 ಮಿಲಿಮೀಟರ್ ಉದ್ದವಿರುತ್ತದೆ. ಬಣ್ಣವು ಹಸಿರು, ಕಂದು ಅಥವಾ ನಸುಗೆಂಪಾಗಿರಬಹುದು. ಇವು ಬೇರೆ ಬೇರೆ ಕೀಟಗಳಲ್ಲ. ನಂತರ ಮಣ್ಣಿನೊಳಗೆ ಸೇರಿ ಕೋಶಾವಸ್ಥೆಗೆ ಹೋಗುತ್ತದೆ. ತೊಗರಿ ಕಟಾವಿನ ಹೊತ್ತಿಗೆ ಇದೇ ಕೀಟವು ಕಡಲೆ ಬೆಳೆಗೂ ಹರಡುತ್ತದೆ.

ಗಮನಿಸಬೇಕಾದ ಅವಧಿ: ಮೊಟ್ಟೆ ಇಟ್ಟಂದಿನಿಂದ ಕೀಡೆ ಕಾಯಿ ಕೊರೆಯುವವರೆಗೆ ಸುಮಾರು ಒಂದು ವಾರದಿಂದ ಹತ್ತು ದಿನಗಳ ಕಾಲ ಮಾತ್ರ ದೊರೆಯುತ್ತದೆ. ಹೂವಾಡುವ ಸಮಯದಲ್ಲಿ, ಅಂದರೆ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ, ಮೋಡ ಕವಿದ ವಾತಾವರಣವಿದ್ದಲ್ಲಿ ವಿಶೇಷ ಎಚ್ಚರ ವಹಿಸತಕ್ಕದ್ದು.

3.2 ಎಲೆ ಸುತ್ತುವ ಕೀಡೆ

ಈ ಕೀಟವು ಸಸಿ ಹಂತದಿಂದಲೇ ಕಾಣಿಸಿಕೊಳ್ಳಬಹುದು. ಪತಂಗವು ಕುಡಿ ಎಲೆ ಹಾಗೂ ಮೊಗ್ಗುಗಳ ಮೇಲೆ ಮೊಟ್ಟೆ ಇಡುತ್ತದೆ. ನಸು ಹಳದಿ ಬಣ್ಣದ ಮರಿಯು ತುದಿಯ ಎಲೆಗಳನ್ನು ನೂಲಿನಿಂದ ಒಂದಕ್ಕೊಂದು ಹೆಣೆದು, ಅದರೊಳಗೆ ಕುಳಿತು ಎಲೆಯನ್ನು ತಿನ್ನುತ್ತದೆ ಮತ್ತು ಅಲ್ಲಿಯೇ ಕೋಶವಾಗುತ್ತದೆ. ಕುಡಿಯೇ ಸುತ್ತಿಕೊಂಡಲ್ಲಿ ಆ ಟೊಂಗೆಯ ಬೆಳವಣಿಗೆ ನಿಲ್ಲುತ್ತದೆ. ಬಾಧೆ ಕಡಿಮೆಯಿದ್ದಾಗ ಸುತ್ತಿದ ಎಲೆಗಳನ್ನು ಕೈಯಿಂದ ಕಿತ್ತು ನಾಶಪಡಿಸುವುದು ಸಾಕಾಗುತ್ತದೆ.

3.3 ಚುಕ್ಕೆ ಕಾಯಿಕೊರಕ (ಮಾರುಕಾ) ಮತ್ತು ಕಾಯಿ ನೊಣ

ಮಾರುಕಾ ಪತಂಗದ ಮೊಟ್ಟೆಗಳು ಚಪ್ಪಟೆಯಾಗಿ, ಪಾರದರ್ಶಕವಾಗಿರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಆದ್ದರಿಂದ ಮೊಗ್ಗು, ಹೂ, ಎಲೆಗಳು ಬಲೆಯಿಂದ ಗೊಂಚಲಾಗಿ ಹೆಣೆದುಕೊಂಡಿರುವುದನ್ನೇ ಗುರುತಾಗಿ ಪರಿಗಣಿಸಬೇಕು. ಬಿಡಿಸಿ ನೋಡಿದಲ್ಲಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಮರಿಯು ಕಾಣುತ್ತದೆ.

ಕಾಯಿ ನೊಣವು ಎಲೆಯನ್ನು ತಿನ್ನುವುದಿಲ್ಲ. ಇದು ಹಸಿರು ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿಯು ಕಾಳನ್ನು ತಿಂದು ಹೊರಬರಲು ದಾರಿ ಮಾಡುವವರೆಗೆ ಕಾಯಿಯ ಮೇಲೆ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ ಎಳೆಗಾಯಿ ಹಂತದಲ್ಲಿ ಕೆಲವು ಕಾಯಿಗಳನ್ನು ಬಿಡಿಸಿ ಪರೀಕ್ಷಿಸುವುದು ಸೂಕ್ತ.

4. ಹಿಂಗಾರಿ ಜೋಳ: ಸುಳಿ ನೊಣ

ಮನೆಯ ನೊಣಕ್ಕಿಂತ ಚಿಕ್ಕದಾದ, ಬೂದು ಬಣ್ಣದ ಈ ನೊಣವು ಜೋಳದ ಎಳೆಯ ಸಸಿಗಳ ಎಲೆಯ ಕೆಳಭಾಗದಲ್ಲಿ, ನಡುನರಕ್ಕೆ ಸಮಾನಾಂತರವಾಗಿ, ಬಿಳಿಯ ನೀಳ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಮೊಳಕೆಯೊಡೆದ ಮೊದಲ ವಾರದಿಂದ ನಾಲ್ಕನೆಯ ವಾರದವರೆಗೆ ಸಸಿಗಳಿಗೆ ಅಪಾಯವಿರುತ್ತದೆ. ಒಂದೆರಡು ದಿನಗಳಲ್ಲಿ ಹೊರಬರುವ ಮರಿಯು ಎಲೆಯ ಮೇಲೆ ಹರಿದು ಸುಳಿಯೊಳಗೆ ಇಳಿದು, ಬೆಳೆಯುವ ತುದಿಯನ್ನು ಕತ್ತರಿಸುತ್ತದೆ. ಸುಳಿ ಒಣಗುತ್ತದೆ. ಒಣಗಿದ ಸುಳಿಯನ್ನು ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ ಹಾಗೂ ಬುಡದಲ್ಲಿ ಕೊಳೆತ ವಾಸನೆ ಇರುತ್ತದೆ.

ಸುಳಿ ಒಣಗಿದ ಮೇಲೆ ಆ ಸಸಿಯ ಮುಖ್ಯ ಕಾಂಡವನ್ನು ಉಳಿಸಿಕೊಳ್ಳಲಾಗದು. ಆದುದರಿಂದ ಸಕಾಲದಲ್ಲಿ ಬಿತ್ತನೆ, ಬೀಜೋಪಚಾರ ಮತ್ತು ತುಸು ಹೆಚ್ಚಿನ ಬೀಜ ಬಳಸಿ ಬಾಧಿತ ಸಸಿಗಳನ್ನು ಕಿತ್ತು ತೆಗೆಯುವುದು ಮುಖ್ಯ ಕ್ರಮಗಳಾಗಿವೆ. ಎಲೆ ಹೊಳಪಾಗಿದ್ದು ಸೂಕ್ಷ್ಮ ರೋಮಗಳನ್ನು ಹೊಂದಿರುವ ತಳಿಗಳ ಮೇಲೆ ಈ ನೊಣವು ಮೊಟ್ಟೆ ಇಡುವುದು ಕಡಿಮೆ.

5. ಹತ್ತಿ, ಸೋಯಾ ಅವರೆ ಮತ್ತು ಗೋವಿನಜೋಳ

5.1 ಹತ್ತಿಯ ಹಸಿರು ಜಿಗಿಹುಳು: ಈ ಕೀಟವು ಮೊಟ್ಟೆಗಳನ್ನು ಎಲೆಯ ಮೇಲೆ ಇಡದೆ, ಎಲೆಯ ಕೆಳಭಾಗದ ನರಗಳ ಒಳಗೆ ಸೇರಿಸುತ್ತದೆ. ಆದ್ದರಿಂದ ಮೊಟ್ಟೆ ಕಾಣುವುದಿಲ್ಲ. ಎಲೆಯನ್ನು ತಿರುವಿದಾಗ ಅಡ್ಡಡ್ಡಲಾಗಿ ಓಡುವ ತಿಳಿ ಹಸಿರು ಮರಿಗಳನ್ನು ನೋಡಿ ಗುರುತಿಸಬೇಕು. ರಸ ಹೀರುವುದರಿಂದ ಎಲೆಯ ಅಂಚು ಕೆಳಮುಖವಾಗಿ ಮುದುಡಿ, ಹಳದಿಯಾಗಿ ನಂತರ ಕೆಂಪಾಗುತ್ತದೆ.

5.2 ಸೋಯಾ ಅವರೆಯ ಎಲೆ ತಿನ್ನುವ ಕೀಡೆ (ಸ್ಪೋಡಾಪ್ಟೆರಾ): ಕಾಯಿಕೊರಕಕ್ಕೆ ವ್ಯತಿರಿಕ್ತವಾಗಿ ಇದು ನೂರಾರು ಮೊಟ್ಟೆಗಳನ್ನು ಎಲೆಯ ಕೆಳಗೆ ಒಂದೇ ಗುಂಪಾಗಿ ಇಟ್ಟು, ಕಂದು ಬಣ್ಣದ ರೋಮಗಳಿಂದ ಮುಚ್ಚುತ್ತದೆ. ಮರಿಗಳು ಮೊದಲ ಕೆಲವು ದಿನ ಅದೇ ಎಲೆಯಲ್ಲಿ ಗುಂಪಾಗಿದ್ದು ಹಸಿರನ್ನು ಕೆರೆದು ತಿನ್ನುವುದರಿಂದ ಎಲೆಯು ಜಾಳಿಗೆಯಂತೆ ಕಾಣುತ್ತದೆ. ಅಂತಹ ಒಂದು ಎಲೆಯನ್ನು ಕಿತ್ತು ನಾಶಪಡಿಸಿದರೆ ನೂರಾರು ಕೀಡೆಗಳನ್ನು ನಾಶಪಡಿಸಿದಂತಾಗುತ್ತದೆ. ಚದುರಿದ ನಂತರ ಈ ಅವಕಾಶ ಇರುವುದಿಲ್ಲ.

5.3 ಫಾಲ್ ಸೈನಿಕ ಹುಳು: ಭಾರತದಲ್ಲಿ ಮೊದಲ ಬಾರಿಗೆ 2018ರಲ್ಲಿ ಕರ್ನಾಟಕದ ಶಿವಮೊಗ್ಗ ಭಾಗದಲ್ಲಿ ಗೋವಿನಜೋಳದ ಮೇಲೆ ಕಂಡುಬಂದ ಈ ಕೀಟವು ಜೋಳಕ್ಕೂ ಬಾಧೆ ಮಾಡಬಲ್ಲದು. ಮೊಟ್ಟೆಗಳು ಗುಂಪಾಗಿರುತ್ತವೆ. ಎಳೆಯ ಮರಿಗಳು ಎಲೆಯ ಒಂದು ಪದರವನ್ನು ಕೆರೆದು ಬಿಳಿಯ ಪೊರೆಯನ್ನಷ್ಟೇ ಉಳಿಸುತ್ತವೆ. ಬಲಿತ ಹುಳುವು ಸುಳಿಯೊಳಗೆ ಇಳಿದು ಹಿಕ್ಕೆ ಹಾಕುತ್ತದೆ. ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗುರುತು ಮತ್ತು ಹಿಂಬದಿಯಲ್ಲಿ ಚೌಕಾಕಾರದಲ್ಲಿರುವ ನಾಲ್ಕು ಚುಕ್ಕೆಗಳಿಂದ ಇದನ್ನು ಗುರುತಿಸಬಹುದು.

6. ತೊಗರಿ ಹೊಲ ಪರಿಶೀಲಿಸುವ ವಿಧಾನ

(ಅ) ಮೊಗ್ಗು ಕಾಣಿಸಿಕೊಂಡ ದಿನದಿಂದ ವಾರಕ್ಕೆ ಎರಡು ಬಾರಿ ಬೆಳಗಿನ ವೇಳೆ ಹೊಲವನ್ನು ಪರಿಶೀಲಿಸುವುದು.

(ಆ) ಬದುವಿನ ಪಕ್ಕದ ಗಿಡಗಳನ್ನಷ್ಟೇ ನೋಡದೆ, ಹೊಲದ ಬೇರೆ ಬೇರೆ ಭಾಗಗಳಿಂದ 20 ಗಿಡಗಳನ್ನು ಆಯ್ದು, ಪ್ರತಿ ಗಿಡದ ಮೇಲ್ಭಾಗದ ಕುಡಿ ಎಲೆ ಮತ್ತು ಮೊಗ್ಗುಗಳನ್ನು ನೋಡುವುದು.

(ಇ) ಮೊಟ್ಟೆ ಮತ್ತು ಕೀಡೆಗಳನ್ನು ಪ್ರತ್ಯೇಕವಾಗಿ ಎಣಿಸಿ ಬರೆದಿಡುವುದು. ಪ್ರತಿ ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಕೀಡೆ, ಅಂದರೆ 20 ಗಿಡಗಳಲ್ಲಿ ಒಟ್ಟು 40 ಮೊಟ್ಟೆ ಅಥವಾ 20 ಕೀಡೆಗಳು ಕಂಡುಬಂದಲ್ಲಿ ಹತೋಟಿ ಕ್ರಮ ಕೈಗೊಳ್ಳುವುದು.

(ಈ) ಹೆಕ್ಟೇರಿಗೆ 5ರಂತೆ ಮೋಹಕ ಬಲೆಗಳನ್ನು ಕಟ್ಟಿದಲ್ಲಿ ಪತಂಗಗಳ ಆಗಮನವು ಮೊದಲೇ ತಿಳಿಯುತ್ತದೆ. ಬಲೆಗೆ ಗಂಡು ಪತಂಗಗಳು ಮಾತ್ರ ಬೀಳುವುದರಿಂದ ಅವುಗಳನ್ನು ಮುನ್ಸೂಚನೆಯೆಂದು ಪರಿಗಣಿಸಬೇಕೇ ಹೊರತು ಹತೋಟಿ ಕ್ರಮವೆಂದು ಭಾವಿಸಬಾರದು.

7. ಹತೋಟಿ ಕ್ರಮಗಳ ಅನುಕ್ರಮ

ಬಿತ್ತನೆಗೆ ಮುನ್ನ: ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಮಣ್ಣಿನಲ್ಲಿರುವ ಕೋಶಗಳನ್ನು ಬಿಸಿಲಿಗೆ ಹಾಗೂ ಹಕ್ಕಿಗಳಿಗೆ ಒಡ್ಡುವುದು. ತೊಗರಿ ಬೀಜದೊಡನೆ ಅಲ್ಪ ಪ್ರಮಾಣದಲ್ಲಿ ಜೋಳದ ಬೀಜವನ್ನು ಬೆರೆಸಿದಲ್ಲಿ ಕೀಡೆ ತಿನ್ನುವ ಹಕ್ಕಿಗಳಿಗೆ ಕೂರಲು ಆಸರೆಯಾಗುತ್ತದೆ.

ಮೊಟ್ಟೆ ಮತ್ತು ಎಳೆಯ ಮರಿ ಹಂತ: ಶೇ. 5ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸುವುದು. ಇದಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ತಿರುಳಿನ ಪುಡಿ ಬೇಕಾಗುತ್ತದೆ. ಮರಿಗಳು ಚಿಕ್ಕವಿರುವಾಗ ಹೆಕ್ಟೇರಿಗೆ 250 ಎಲ್.ಇ. ಪ್ರಮಾಣದ ಎನ್.ಪಿ.ವಿ. ನಂಜಾಣು ದ್ರಾವಣವನ್ನು ಬೆಲ್ಲದೊಡನೆ ಬೆರೆಸಿ ಸಂಜೆ ವೇಳೆ ಸಿಂಪಡಿಸಬಹುದು. ಬಿಸಿಲಿನಲ್ಲಿ ಇದರ ಶಕ್ತಿ ಕುಂದುತ್ತದೆ. ರೋಗ ತಗುಲಿದ ಕೀಡೆಗಳು ಕೆಲವು ದಿನಗಳ ನಂತರ ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತವೆ.

ಬಲಿತ ಕೀಡೆ ಹಂತ: ಗಿಡ ಅಲುಗಾಡಿಸಿ ಕೀಡೆಗಳನ್ನು ಆಯ್ದು ನಾಶಪಡಿಸುವುದು.

ರಾಸಾಯನಿಕ ಕೀಟನಾಶಕ: ಬಾಧೆಯು ಮೇಲೆ ಸೂಚಿಸಿದ ಮಟ್ಟವನ್ನು ಮೀರಿದಲ್ಲಿ ಮಾತ್ರ, ಕೃಷಿ ಅಧಿಕಾರಿಗಳ ಶಿಫಾರಸಿನಂತೆ ಹಾಗೂ ಡಬ್ಬಿಯ ಮೇಲಿನ ಚೀಟಿಯಲ್ಲಿರುವ ಪ್ರಮಾಣದಂತೆ ಬಳಸುವುದು. ಎರಡು ಮೂರು ಔಷಧಗಳನ್ನು ಒಟ್ಟಿಗೆ ಬೆರೆಸಬಾರದು. ಪ್ರತಿ ಬಾರಿಯೂ ಒಂದೇ ಔಷಧವನ್ನು ಸಿಂಪಡಿಸಬಾರದು. ಸಿಂಪಡಿಸುವವರು ಕೈಗವಸು, ಮುಖಗವಸು ಧರಿಸಿ, ಗಾಳಿಗೆ ಎದುರಾಗಿ ನಿಲ್ಲದೆ ಕೆಲಸ ಮಾಡತಕ್ಕದ್ದು.

8. ಲಭ್ಯವಿರುವ ಸೇವೆಗಳು

8.1 ರೈತ ಸಂಪರ್ಕ ಕೇಂದ್ರ: 2000ನೇ ಸಾಲಿನಿಂದ ಹೋಬಳಿ ಮಟ್ಟದಲ್ಲಿ ಕಾರ್ಯನಿರ್ವಹಿಸುತ್ತಿರುವ ಈ ಕೇಂದ್ರಗಳಲ್ಲಿ ತಾಂತ್ರಿಕ ಸಲಹೆ ಹಾಗೂ ದಾಸ್ತಾನಿಗೆ ಅನುಗುಣವಾಗಿ ಸಹಾಯಧನದಡಿ ಸಸ್ಯ ಸಂರಕ್ಷಣಾ ಪರಿಕರಗಳು ದೊರೆಯುತ್ತವೆ. ಅರ್ಜಿದಾರರು ಫ್ರೂಟ್ಸ್ ಗುರುತಿನ ಸಂಖ್ಯೆ, ಆಧಾರ್ ಹಾಗೂ ಪಹಣಿಯೊಂದಿಗೆ ಹಾಜರಾಗುವುದು. ಬಾಧಿತ ಎಲೆ ಅಥವಾ ಹುಳುವಿನ ಮಾದರಿಯನ್ನು ಕಾಗದದ ಪೊಟ್ಟಣದಲ್ಲಿ ತಂದಲ್ಲಿ ಕೀಟವನ್ನು ಗುರುತಿಸಲು ಅನುಕೂಲವಾಗುತ್ತದೆ.

8.2 ದೂರವಾಣಿ ಸಲಹೆ: ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

8.3 ಬೆಳೆ ವಿಮೆ: 2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಡಿ ತೊಗರಿಗೆ ರೈತರ ಪಾಲಿನ ವಿಮಾ ಕಂತು ವಿಮಾ ಮೊತ್ತದ ಶೇ. 2 ಆಗಿರುತ್ತದೆ. ನೋಂದಣಿಯ ಕೊನೆಯ ದಿನಾಂಕವನ್ನು ಪ್ರತಿ ಹಂಗಾಮಿನ ಅಧಿಸೂಚನೆಯಲ್ಲಿ ಪ್ರಕಟಿಸಲಾಗುತ್ತದೆ. ನೋಂದಾಯಿಸಿದ ಬೆಳೆ ಹಾಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಆಗಿರತಕ್ಕದ್ದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೀಟಬಾಧೆಯಿಂದ ಒಬ್ಬ ರೈತರ ಹೊಲ ಮಾತ್ರ ಹಾಳಾದಲ್ಲಿ ವಿಮಾ ಪರಿಹಾರ ದೊರೆಯುವುದೇ?
ಉತ್ತರ: ಕೀಟಬಾಧೆಯ ನಷ್ಟವನ್ನು ಪ್ರತ್ಯೇಕ ಹೊಲದ ಮೇಲೆ ಅಳೆಯಲಾಗುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಘಟಕದಲ್ಲಿ ನಡೆಸಿದ ಬೆಳೆ ಕಟಾವು ಪ್ರಯೋಗಗಳ ಸರಾಸರಿ ಇಳುವರಿಯು ನಿಗದಿತ ಇಳುವರಿಗಿಂತ ಕಡಿಮೆಯಾದಲ್ಲಿ ಆ ಘಟಕದ ಎಲ್ಲ ನೋಂದಾಯಿತ ರೈತರಿಗೆ ಪರಿಹಾರ ಅನ್ವಯಿಸುತ್ತದೆ. 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವು ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪಗಳಿಗೆ ಸಂಬಂಧಿಸಿದ್ದಾಗಿದೆ. ಆದ್ದರಿಂದ ವಿಮೆ ಇದೆಯೆಂದು ಹೊಲದ ಪರಿಶೀಲನೆಯನ್ನು ಕೈಬಿಡಬಾರದು.

ಪ್ರಶ್ನೆ: ಪಕ್ಕದ ಹೊಲದವರು ಸಿಂಪಡಿಸಿದ್ದಾರೆ. ತಾವೂ ಸಿಂಪಡಿಸಬೇಕೇ?
ಉತ್ತರ: ಸ್ವಂತ ಹೊಲದಲ್ಲಿ ಎಣಿಸಿದ ನಂತರವೇ ನಿರ್ಧರಿಸುವುದು. ಅನಗತ್ಯ ಸಿಂಪರಣೆಯಿಂದ ಕೀಟಗಳನ್ನು ತಿನ್ನುವ ಜೇಡ, ಗುಲಗಂಜಿ ಹುಳು ಮುಂತಾದ ಉಪಕಾರಿ ಜೀವಿಗಳು ನಾಶವಾಗುತ್ತವೆ.

ಪ್ರಶ್ನೆ: ಎಲೆಯಲ್ಲಿ ತೂತುಗಳಿದ್ದು ಹುಳು ಕಾಣದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಅನೇಕ ಹುಳುಗಳು ಹಗಲಿನಲ್ಲಿ ಎಲೆಯಡಿ, ಸುಳಿ ಅಥವಾ ಮಣ್ಣಿನಲ್ಲಿ ಅಡಗಿರುತ್ತವೆ. ಮುಂಜಾನೆ ಅಥವಾ ಸಂಜೆ ಮತ್ತೊಮ್ಮೆ ಪರಿಶೀಲಿಸಿ, ಮಾದರಿಯೊಂದಿಗೆ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.