ಎರಡು ಚುಕ್ಕಿ, ಒಂದು ಯಕಾರ

ಡಚ್ ಬರಹದಲ್ಲಿ ಕೆಲವು ಸ್ವರಗಳ ತಲೆಯ ಮೇಲೆ ಎರಡು ಚುಕ್ಕಿ ಕಾಣುತ್ತವೆ. ಅವರು ಅದನ್ನು 'ಟ್ರೇಮಾ' ಎನ್ನುತ್ತಾರೆ. ಜರ್ಮನ್ನಿನ ಉಮ್ಲೌಟ್ ಕೂಡ ನೋಡಲು ಹೀಗೆಯೇ, ಆದರೆ ಕೆಲಸ ಬೇರೆ. ಉಮ್ಲೌಟ್ ಸ್ವರದ ದನಿಯನ್ನೇ ಬದಲಿಸುತ್ತದೆ. ಟ್ರೇಮಾ ಮಾತ್ರ 'ಇಲ್ಲಿ ಬಿಡಿಸಿ ಓದು' ಎನ್ನುತ್ತದೆ, ಅಷ್ಟೇ.

ಡಚ್ಚರು ಹಿಂದೂದೇಶವನ್ನೂ ಅದರಾಚೆಯ ದ್ವೀಪಗಳನ್ನೂ ಕರೆಯುತ್ತಿದ್ದ ಹೆಸರನ್ನೇ ನೋಡೋಣ. ರೋಮನ್ ಲಿಪಿಯ ಐ ಮತ್ತು ಇ ಅಕ್ಕಪಕ್ಕ ಬಂದರೆ ಡಚ್ಚಿನಲ್ಲಿ ಅದು ಒಂದೇ ಈಕಾರ. ಚುಕ್ಕಿ ಇಲ್ಲದಿದ್ದರೆ ಆ ಹೆಸರು 'ಇಂದೀ' ಆಗಿಬಿಡುತ್ತದೆ. ಕೊನೆಯ ಅಕ್ಷರದ ಮೇಲೆ ಎರಡು ಚುಕ್ಕಿ ಇಟ್ಟರೆ ಮೂರು ತುಂಡಾಗಿ 'ಇಂದಿಯ' ಎಂದಾಗುತ್ತದೆ. ಅವರ ಇಪ್ಪತ್ತೆರಡು ಎಂಬ ಪದದಲ್ಲಿ ಮೂರು 'ಇ' ಅಕ್ಷರಗಳು ಸಾಲಾಗಿ ಬರುತ್ತವೆ. ಮೂರನೆಯದರ ಮೇಲಿನ ಚುಕ್ಕಿಯೇ 'ಎರಡು' ಎಲ್ಲಿ ಮುಗಿಯಿತು, 'ಮತ್ತು' ಎಲ್ಲಿ ಶುರುವಾಯಿತು ಎಂದು ತೋರಿಸುತ್ತದೆ. 1995ರ ಕಾಗುಣಿತ ಸುಧಾರಣೆಯಲ್ಲಿ ಸಮಾಸಪದಗಳಿಗೆ ಚುಕ್ಕಿಯ ಬದಲು ಅಡ್ಡಗೆರೆ ಬಂತು. ಸಂಖ್ಯೆಗಳಲ್ಲಿ ಚುಕ್ಕಿ ಹಾಗೇ ಉಳಿಯಿತು.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಚುಕ್ಕಿ 'ಒಡೆ' ಎಂದರೂ ಡಚ್ಚರ ನಾಲಿಗೆ ಪೂರ್ತಿ ಒಡೆಯುವುದಿಲ್ಲ. ನಡುವೆ ಸಣ್ಣದೊಂದು ಯಕಾರ ತಾನಾಗಿ ನುಸುಳುತ್ತದೆ. ಬರಹದಲ್ಲಿ ಚುಕ್ಕಿ, ಬಾಯಲ್ಲಿ ಯಕಾರ. ನಾವು ಕನ್ನಡದವರು ಆ ಯಕಾರವನ್ನೇ ಬರೆದುಬಿಟ್ಟೆವು. ಮನೆ ಮತ್ತು ಅನ್ನು ಸೇರಿ 'ಮನೆಯನ್ನು', ಗುರು ಮತ್ತು ಅನ್ನು ಸೇರಿ 'ಗುರುವನ್ನು'. ಇಪ್ಪತ್ತು ಮತ್ತು ಎರಡು ಸೇರುವಾಗ ಒಂದು ಸ್ವರವನ್ನೇ ಬಿಟ್ಟು 'ಇಪ್ಪತ್ತೆರಡು' ಮಾಡಿಕೊಂಡೆವು. ಸುಮಾರು 1260ರಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಈ ಸಂಧಿಗಳಿಗೆ ಸೂತ್ರ ಕಟ್ಟಿದ. ಅದನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ತಂದವನು ಎರಡು ಚುಕ್ಕಿಯ ನಾಡಿನಿಂದಲೇ ಬಂದ ಕಿಟೆಲ್.

ಸಂಧಿಯಾಗದ ಜಾಗಗಳೂ ಉಂಟು. 'ಅಣ್ಣಾ, ಓಡಿ ಬಾ' ಎಂದು ಕೂಗುವಾಗ ಯಕಾರ ಬರುವುದಿಲ್ಲ. ಶಾಲೆಯಲ್ಲಿ ಇದನ್ನು ಪ್ರಕೃತಿಭಾವ ಎಂದು ಕಲಿತಿದ್ದೇವೆ. ಕರೆಯುವ ದನಿಗೆ ವ್ಯಾಕರಣವೂ ದಾರಿ ಬಿಡುತ್ತದೆ.

ಈ ಯಕಾರ, ವಕಾರ ಪದದ ನಡುವೆ ಮಾತ್ರ ಕೂರುವುದಿಲ್ಲ. ವಿಜಯನಗರ, ಕೆಳದಿ ಕಾಲದ ಬರಹಗಳಲ್ಲಿ 'ಯೆಂದು', 'ವೊಂದು' ಎಂಬ ರೂಪಗಳು ಧಾರಾಳ. ಒಡೆಯರು ಇಂಗ್ಲಿಷಿನಲ್ಲಿ ವೊಡೆಯರಾದದ್ದೂ ಹಾಗೆಯೇ. ನಮ್ಮ ಯಲ್ಲಾಪುರವನ್ನು 'ಎಲ್ಲಾಪುರ' ಎಂದು ಬರೆಯುವವರೂ ಇದ್ದಾರೆ, ಬಾಯಲ್ಲಿ ಎರಡೂ ಒಂದೇ. ಶಿರಸಿ ಪಕ್ಕದ ಸೋಂದೆ ಕೆಲವರಿಗೆ ಸೋದೆ, ಕೆಲವರಿಗೆ ಸ್ವಾದಿ. ಓಕಾರದೊಳಗಿದ್ದ ವಕಾರ ಅಲ್ಲಿ ಹೊರಗೆ ಬಂದು ಕೂತಿದೆ.

ಹಾಗಾದರೆ ಕನ್ನಡದಲ್ಲಿ ಟ್ರೇಮಾ ಇಲ್ಲವೇ? ಇದೆ. ಶಿರಸಿಯಲ್ಲೋ ಸಿದ್ದಾಪುರದಲ್ಲೋ ಶಿಕ್ಷಣ ಇಲಾಖೆಯ ಕಚೇರಿಯ ಬೋರ್ಡು ನೋಡಿ: 'ಬಿಇಒ'. ಪತ್ರಿಕೆಯಲ್ಲಿ 'ಸಿಇಟಿ', 'ಐಎಎಸ್'. ಪದದ ನಡುವೆ ಹೀಗೆ ಇಡೀ ಸ್ವರಾಕ್ಷರ ಬಂದು ನಿಲ್ಲುವುದು ನಮ್ಮ ಲಿಪಿಗೆ ಅಪರೂಪ. ಡಚ್ಚರ ಚುಕ್ಕಿಯ ಕೆಲಸವನ್ನು ಇಲ್ಲಿ ಆ ಅಕ್ಷರವೇ ಮಾಡುತ್ತದೆ. ಆದರೂ ಆಫೀಸಿಗೆ ಹೋಗಿ ಬಂದ ಮೇಷ್ಟ್ರು ಹೇಳುವುದು 'ಬಿಯಿವೋ' ಎಂದೇ. ಕೇಶಿರಾಜ ಕೇಳಿದ್ದರೆ ಖುಷಿಪಡುತ್ತಿದ್ದ.

ಮೂರೂ ತಾಲೂಕಿನ ಹವ್ಯಕರ ಮನೆಗಳಲ್ಲಿ ತಾಯಿಗೆ 'ಆಯಿ' ಎನ್ನುತ್ತೇವೆ. ಮರಾಠಿಯಲ್ಲೂ ತಾಯಿಗೆ ಅದೇ ಪದ, ಆದರೆ ಅವರು ಬರೆಯುವುದು ಆ ಮತ್ತು ಈ, ಎರಡು ಬಿಡಿ ಸ್ವರ. ನಡುವೆ ಯಕಾರವಿಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೆ ಅಲ್ಲೇ ಇತ್ತು. ಮರಾಠಿ ಅಕ್ಷರ ಓದಬಲ್ಲ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದರು. ಆದರೂ ಕನ್ನಡದಲ್ಲಿ ಬರೆಯುವಾಗ ಅವರ ಕೈ ಯಕಾರ ಬಿಡಲಿಲ್ಲ.

ಈಗ ಬಿಡುತ್ತಿದೆ. ನನ್ನ ಅಣ್ಣನ ಮಗ ನೆದರ್ಲೆಂಡ್ಸಿನಲ್ಲಿದ್ದಾನೆ. ಅವನ ಮಗಳು ಅಲ್ಲಿಯ ಶಾಲೆಗೆ ಹೋಗುತ್ತಾಳೆ, ಕನ್ನಡ ಅಕ್ಷರ ಬಾರದು. ಅಮ್ಮನಿಗೆ ಸಂದೇಶ ಕಳಿಸುವಾಗ ಎರಡು 'ಎ', ಒಂದು 'ಐ' ಒತ್ತುತ್ತಾಳೆ. ಡಚ್ಚಿನಲ್ಲಿ ಅದೊಂದು ಇಡೀ ಪದ. ಒಂದೇ ಉಸಿರಿನಲ್ಲಿ 'ಆಯ್' ಎಂದು ಓದಬೇಕು. ಅರ್ಥ, ಮೃದುವಾಗಿ ಮೈ ಸವರುವುದು. ಅರ್ಥವೇನೋ ಚೆನ್ನಾಗಿದೆ, ಆದರೆ ಕೊನೆಯ ಇಕಾರ ಹೋಯಿತು. ಬರೆದಂತೆ ಓದುತ್ತ ಓದುತ್ತ ಮಗು ಕರೆಯುವುದೂ ಹಾಗೆಯೇ ಆಗಿದೆ. 'ಆಯಿ, ಆಸ್ರಿಗೆ ಕೊಡು' ಎನ್ನುವಾಗ ಆ ಇಕಾರ ಎಷ್ಟು ಹೊತ್ತು ಎಳೆಯುತ್ತದೆ ಎಂಬುದರಲ್ಲೇ ಮಗುವಿನ ಹಸಿವು, ಹಟ, ಮುನಿಸು ಗೊತ್ತಾಗುತ್ತಿತ್ತು. ಎಳೆಯಲು ಸ್ವರವೇ ಇಲ್ಲದಿದ್ದರೆ ಏನನ್ನು ಎಳೆಯುವುದು?

ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ನನ್ನದೊಂದೇ ಮಾತು. ಇಡೀ ವರ್ಣಮಾಲೆ ಕಲಿಸಲು ಪುರುಸೊತ್ತಾಗದಿದ್ದರೆ ಬೇಡ. ಆ, ಯಿ, ಈ ಎರಡು ಅಕ್ಷರ ಕಲಿಸಿ. ಕಾಗದದ ಮೇಲೆ ದೊಡ್ಡದಾಗಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಚುಕ್ಕಿ ಎಲ್ಲಿಡಬೇಕೆಂದು ಅವರ ಶಾಲೆ ಕಲಿಸುತ್ತದೆ. ಯಕಾರ ಮಾತ್ರ ಮನೆಯಲ್ಲೇ ಸಿಗಬೇಕು.